ಉಣುಗಿನ ಋಣ

ನಮ್ಮ ಸೊರಬ ತಾಲ್ಲೂಕಿನ ಒಂದು ಊರಿನ ಹೆಸರು ಪ್ರಪಂಚದ ವೈದ್ಯಕೀಯ ಪುಸ್ತಕಗಳಲ್ಲೆಲ್ಲ ಇದೆ. ಹಾಗೆಂದು ಬೀಗುವಂತಿಲ್ಲ. ಗುಡವಿಯ ಹಕ್ಕಿಗಳಿಂದಲೋ, ಚಂದ್ರಗುತ್ತಿಯ ರೇಣುಕಾಂಬೆಯಿಂದಲೋ, ಗುಡಿಗಾರರ ಗಂಧದ ಕೆತ್ತನೆಯಿಂದಲೋ ಬಂದ ಕೀರ್ತಿ ಅದಲ್ಲ. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಕಾಡಿಗೆ ಹೋಗಿಬಂದವರು ಜ್ವರ ಹಿಡಿದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಓಡಿಬಂದರು. ಏಷ್ಯಾ ಎಂದೂ ಕಾಣದ ಹಳದಿ ಜ್ವರವೇ ಬಂದುಬಿಟ್ಟಿತೇ ಎಂಬ ಗಾಬರಿ ಅವರಿಗೆ. ನೋಡಿದರೆ ಇದು ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳುಜ್ವರದ ನೆಂಟ! ವಲಸೆ ಹಕ್ಕಿಗಳು ಅಲ್ಲಿಂದ ಹೊತ್ತು ತಂದಿರಬಹುದೇ ಎಂದು ಸಾಲಿಂ ಅಲಿಯವರ ತಂಡ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ವರ್ಷಗಟ್ಟಲೆ ಹುಡುಕಿತು. ಊರಿನವರು ಈ ಯಾವ ರಗಳೆಗೂ ಹೋಗದೆ ಮಂಗನ ಕಾಯಿಲೆ ಎಂದು ಕರೆದು ಮುಗಿಸಿದರು.

ನನ್ನ ತವರು ಶಿಕಾರಿಪುರದ ಕಡೆ. ಅಲ್ಲಿ ಬಯಲು ಜಾಸ್ತಿ, ಮೆಕ್ಕೆಜೋಳ ಜಾಸ್ತಿ. ದರಕು ಗುಡಿಸುವುದನ್ನು ಕಲಿತದ್ದು ಸೊರಬದ ಈ ಮನೆಗೆ ಸೊಸೆಯಾಗಿ ಬಂದ ಮೇಲೆ. ಚಳಿ ಹಿಂದಾಗುತ್ತಲೇ ಕಾಡಿನ ಎಲೆಯೆಲ್ಲ ಉದುರುತ್ತದೆ. ಅದನ್ನು ಗುಡಿಸಿ ತಂದು ಕೊಟ್ಟಿಗೆಗೆ ಹಾಕಬೇಕು, ಅದು ಗೊಬ್ಬರವಾಗಿ ತೋಟಕ್ಕೆ ಹೋಗಬೇಕು. ಉಣುಗಿನ ಮರಿಗಳಿಗೂ ಅದೇ ಸುಗ್ಗಿ. ಎಳ್ಳುಕಾಳಿಗಿಂತ ಸಣ್ಣವು, ಮೊಣಕಾಲಿನ ಹಿಂದೆ, ಸೀರೆ ಬಿಗಿದ ಕಡೆ ಕಚ್ಚಿ ಕೂತರೆ ತುರಿಕೆ ಶುರುವಾಗುವವರೆಗೆ ಗೊತ್ತೇ ಆಗುವುದಿಲ್ಲ. ಆರೋಗ್ಯ ಇಲಾಖೆಯವರು ಹಚ್ಚಿಕೊಳ್ಳಲು ಡಿಎಂಪಿ ಎಣ್ಣೆಯ ಬಾಟಲಿ ಕೊಡುತ್ತಿದ್ದರು. ನಮ್ಮ ಅತ್ತೆ ಅದನ್ನು ಒಮ್ಮೆ ಮೂಸಿ, "ಇದನ್ನ ಹಚ್ಕಂಡ್ರೆ ಉಣುಗಷ್ಟೇ ಅಲ್ಲ, ನಿಮ್ಮ ಮಾವನೂ ಹತ್ರ ಬರೂದಿಲ್ಲ" ಎಂದು ಅಟ್ಟದ ಮೇಲಿಟ್ಟಿದ್ದರು.

2020ರ ಏಪ್ರಿಲ್‌ನಲ್ಲಿ ಅವರಿಗೇ ಜ್ವರ ಬಂತು. ಆಗ ಜ್ವರ ಎಂಬ ಮಾತನ್ನು ಜೋರಾಗಿ ಆಡುವಂತಿರಲಿಲ್ಲ. ನೆಂಟರು ಫೋನಿನಲ್ಲೂ ಅಂತರ ಕಾಯ್ದುಕೊಂಡರು. ಬಂದವಳು ಆಶಾ ಕಾರ್ಯಕರ್ತೆ ಒಬ್ಬಳೇ. ವೇಲನ್ನೇ ಮುಖಕ್ಕೆ ಬಿಗಿದುಕೊಂಡು ಅಂಗಳದಲ್ಲಿ ನಿಂತು, ಕಾಡಿಗೆ ಹೋಗಿದ್ರಾ, ಮಂಗ ಸತ್ತದ್ದು ಕಂಡಿದ್ರಾ ಎಂದು ಒಂದೊಂದೇ ಕೇಳಿ ಬರೆದುಕೊಂಡಳು. ಆಮೇಲೆ ಆರೋಗ್ಯ ಕೇಂದ್ರದಿಂದ ಒಬ್ಬ ಹುಡುಗಿ ಬಂದು ರಕ್ತ ತೆಗೆದಳು. ಕೊಳವೆಗೆ ಹೆಸರಿನ ಚೀಟಿ ಅಂಟಿಸಿ, ಐಸ್ ತುಂಬಿದ ಪೆಟ್ಟಿಗೆಯಲ್ಲಿಟ್ಟು, ಬೈಕಿನ ಹಿಂದೆ ಕಟ್ಟಿಕೊಂಡು ಹೋದರು. ಇಡೀ ದೇಶವೇ ಬಾಗಿಲು ಹಾಕಿಕೊಂಡಿದ್ದಾಗ ಅತ್ತೆಯ ನಾಲ್ಕು ಹನಿ ರಕ್ತ ಶಿವಮೊಗ್ಗದವರೆಗೆ ಹೋಯಿತು, ಉತ್ತರ ಫೋನಿನಲ್ಲಿ ಬಂತು. ಕೊರೊನಾ ಅಲ್ಲ, ಮಂಗನ ಕಾಯಿಲೆ. ಅದನ್ನು ಕೇಳಿ ಮನೆಮಂದಿ ಸದ್ಯ ಎಂದು ಉಸಿರುಬಿಟ್ಟರೆಂದರೆ ಆ ದಿನಗಳು ಹೇಗಿದ್ದವೆಂದು ನೀವೇ ಊಹಿಸಿ.

ಈ ಕಾಯಿಲೆಗೆಂದೇ ಔಷಧ ಅಂದೂ ಇರಲಿಲ್ಲ, ಇಂದೂ ಇಲ್ಲ. ಜ್ವರ ಇಳಿಸುವುದು, ಡ್ರಿಪ್ ಹಾಕುವುದು, ಪ್ಲೇಟ್‌ಲೆಟ್ ಎಣಿಸುತ್ತ ಕಾಯುವುದು, ಅಷ್ಟೆ. ವಸಡಿನಲ್ಲಿ ರಕ್ತ ಕಂಡ ದಿನ 108ಕ್ಕೆ ಫೋನ್ ಮಾಡಿದೆವು. ಸಂತೆ ದಿನ ಆಟೋಕ್ಕೂ ಜಾಗ ಬಿಡದ ಶಿರಾಳಕೊಪ್ಪದ ರಸ್ತೆ ಖಾಲಿ ಹೊಡೆಯುತ್ತಿತ್ತು. ಅಲ್ಲೇ ಪಕ್ಕದಲ್ಲಿ ಬಳ್ಳಿಗಾವಿ. ಶಾಲೆಯ ಪ್ರವಾಸವೆಂದರೆ ನಮಗೆ ಅದೇ ಆಗಿದ್ದರಿಂದ ಅಲ್ಲಿನ ಕೇದಾರೇಶ್ವರನ ಕೋಡಿಯ ಮಠದ ಕಥೆ ಬಾಯಿಪಾಠವಾಗಿತ್ತು. ಕಾಳಾಮುಖ ಯತಿಗಳ ಆ ಮಠದಲ್ಲಿ ವೇದ, ವ್ಯಾಕರಣ ಕಲಿಸುತ್ತಿದ್ದರು, ಕುಂಟರು ಕುರುಡರೆನ್ನದೆ ಅನ್ನ ಇಕ್ಕುತ್ತಿದ್ದರು, ದಿಕ್ಕಿಲ್ಲದ ರೋಗಿಗಳಿಗೆ ಮದ್ದು ಕೊಡುತ್ತಿದ್ದರು ಎಂದು 1162ರ ಶಾಸನ ಹೇಳುತ್ತದೆ. ಅಂಬುಲೆನ್ಸಿನಲ್ಲಿ ಅತ್ತೆಯ ಕೈ ಹಿಡಿದು ಕೂತಾಗ ನೆನಪಾದದ್ದು, ಆಶ್ಚರ್ಯವೆಂದರೆ, ಆ ಶಾಸನವೇ. ದಯೆ ಅಂದೂ ಇತ್ತು. ನಮಗಿಂತ ಒಂದು ಕೈ ಹೆಚ್ಚೇ ಇತ್ತೇನೋ. ಇರದಿದ್ದದ್ದು ಉಣುಗಿನ ಮೇಲಿನ ಅನುಮಾನ. ಕಾಡಿಗೆ ಹೋಗಿ ಜ್ವರ ತಂದವಳಿಗೆ ಗಾಳಿ ಸೋಕಿದೆ ಎಂದು ಹೇಳದೆ, ಸತ್ತ ಮಂಗದ ಮೈಯಿಂದ ಉಣುಗು ಹೆಕ್ಕಿ ಪರೀಕ್ಷೆಗೆ ಇಟ್ಟ ಕಾಲಕ್ಕೆ ನಾನು ಋಣಿ.

ಇಡೀ ಆಧುನಿಕ ಬದುಕಿಗೆ ಕೈಮುಗಿದೆ ಎಂದುಕೊಳ್ಳಬೇಡಿ. ಕಾಡು ಕಡಿದು ಗದ್ದೆ ಮಾಡಿ, ಅಂಚಿನಲ್ಲಿ ದನ ಮೇಯಲು ಬಿಟ್ಟಿದ್ದರಿಂದಲೇ ಉಣುಗು ಮನುಷ್ಯನಿಗೆ ಹತ್ತಿರವಾಯಿತು ಎಂದು ಈ ಕಾಡುಗಳಲ್ಲಿ ಓಡಾಡಿದ ವಿಜ್ಞಾನಿ ಬೊಶೆಲ್ 1969ರಲ್ಲೇ ಬರೆದರು. ಅಂದಮೇಲೆ ರೋಗದಲ್ಲೂ ಈ ಕಾಲದ ಪಾಲಿದೆ. ಲಸಿಕೆಯ ಕಥೆ ಇನ್ನೊಂದು. ತೋಳು ಊದಿಸುವಷ್ಟು ನೋಯುತ್ತಿದ್ದ ಆ ಸೂಜಿಯನ್ನು ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಕಿತ್ತು. ಎಷ್ಟೋ ಜನ ಎರಡನೆಯದಕ್ಕೇ ತಪ್ಪಿಸಿಕೊಂಡರು. 2018-19ರಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾಲು ಸಾವುಗಳಾದವು. ಕೊನೆಗೆ ಆ ಲಸಿಕೆಯ ಬಲ ಸಾಲದೆಂದು 2022ರಲ್ಲಿ ಕೊಡುವುದನ್ನೇ ನಿಲ್ಲಿಸಿದರು. ಕೊರೊನಾಕ್ಕೆ ವರ್ಷದೊಳಗೆ ಲಸಿಕೆ ಬಂತು. ಬಡವರ ಕಾಲಿಗೆ ಮಾತ್ರ ಕಚ್ಚುವ ಹುಳದ ವಿಷಯದಲ್ಲಿ ಆ ಅವಸರ ಯಾರಿಗೂ ಇರಲಿಲ್ಲ.

ಅತ್ತೆ ಉಳಿದರು. ನಿಶ್ಶಕ್ತಿ ಕಳೆಯಲು ಮಳೆಗಾಲವೇ ಹಿಡಿಯಿತು. ಎದ್ದು ಓಡಾಡುವಂತಾದ ಮೇಲೆ ಒಂದು ದಿನ, "ಅಲ್ಲ ಮಾರಾಯ್ತಿ, ರೇಣುಕಾಂಬೆಗೆ ಹಣ್ಣುಕಾಯಿ ಮಾಡ್ಸಿದ್ವಿ. ಅಂಗಳದಲ್ಲಿ ನಿಂತು ಬರ್ಕಂಡು ಹೋದ್ಲಲ್ಲ, ಆ ಹುಡುಗಿಗೆ ಎಂತ ಕೊಟ್ವಿ?" ಎಂದರು. ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿಯನ್ನು ತಾವೇ ಬಟ್ಟೆ ಕಟ್ಟಿ ಇಟ್ಟು, ಅವಳನ್ನು ಕರೆಸಿದರು. ಆ ವರ್ಷದ ಜನವರಿಯಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಎಂದು ಬೆಂಗಳೂರಿನಲ್ಲಿ ಧರಣಿ ಕೂತ ಸಾವಿರಾರು ಹೆಂಗಸರಲ್ಲಿ ಅವಳೂ ಒಬ್ಬಳು. ಭರಣಿ ತೆಗೆದುಕೊಂಡು, "ಉಪ್ಪಿನಕಾಯಿ ಆಯ್ತು ಅಮ್ಮಾ, ಇನ್ನು ಅನ್ನದ್ದು ಯಾರನ್ನ ಕೇಳ್ಲಿ?" ಎಂದು ನಕ್ಕಳು.