ಮೆಣಸಿನ ಗೋದಾಮಿನಲ್ಲಿ ನಮ್ಮ ಒರಳುಕಲ್ಲು

ಫೋರ್ಟ್ ಕೊಚ್ಚಿಯ ಆಸ್ಪಿನ್‌ವಾಲ್ ಹೌಸ್‌ಗೆ ನಾನೂ ನನ್ನ ಸೋದರತ್ತೆಯೂ ಹೋದದ್ದು 2013ರ ಜನವರಿಯಲ್ಲಿ. ಚೀನೀ ಬಲೆ ನೋಡಲು ಬಂದಿದ್ದ ಅತ್ತೆಯನ್ನು ಬಿಸಿಲಲ್ಲಿ ನಾನೇ ಒತ್ತಾಯ ಮಾಡಿ ಒಳಗೆ ಕರೆದುಕೊಂಡು ಹೋದೆ.

ಆ ಕಟ್ಟಡದ ಕಥೆ ಮೊದಲು ಹೇಳಬೇಕು. ಜಾನ್ ಆಸ್ಪಿನ್‌ವಾಲ್ ಎಂಬ ಇಂಗ್ಲಿಷ್ ವ್ಯಾಪಾರಿ 1867ರಲ್ಲಿ ಶುರು ಮಾಡಿದ ಕಂಪನಿಯದು. ಕಾಳುಮೆಣಸು, ಶುಂಠಿ, ಅರಿಸಿನ, ಕೊಬ್ಬರಿ ಎಣ್ಣೆ, ಆಮೇಲಾಮೇಲೆ ತೆಂಗಿನ ನಾರು, ಕಾಫಿ, ಟೀ. ಎಲ್ಲದರ ವಹಿವಾಟೂ ನೀರಿನ ಅಂಚಿನ ಈ ಗೋದಾಮುಗಳಲ್ಲೇ. ಮಂಗಳೂರಿನವರಿಗೆ ಈ ಹೆಸರು ಗೊತ್ತು. ಅಲ್ಲಿ ಇದೇ ಕಂಪನಿ ಕಾಫಿ ಕ್ಯೂರಿಂಗ್ ನಡೆಸಿತ್ತು. ಕೊಚ್ಚಿಯಲ್ಲಿ ವ್ಯಾಪಾರ ನಿಂತ ಮೇಲೆ ಕಟ್ಟಡ ಸುಮ್ಮನೆ ಬಿದ್ದಿತ್ತು. 2012ರ ಡಿಸೆಂಬರ್ 12ರಂದು ಕಲಾವಿದರಾದ ಬೋಸ್ ಕೃಷ್ಣಮಾಚಾರಿ, ರಿಯಾಸ್ ಕೋಮು ಕಟ್ಟಿದ ಕೊಚ್ಚಿ-ಮುಝಿರಿಸ್ ಬಿನಾಲೆ, ಅಂದರೆ ಎರಡು ವರ್ಷಕ್ಕೊಮ್ಮೆಯ ಕಲಾ ಪ್ರದರ್ಶನ, ಅಲ್ಲಿಗೆ ಬಂತು.

ಒಳಗೆ ಕಾಲಿಟ್ಟಾಗ ಮೊದಲು ಕಂಡದ್ದು ಗೋಡೆ. ಗಾರೆ ಉದುರಿದ್ದು ಉದುರಿದ ಹಾಗೇ ಇತ್ತು, ಯಾರೂ ಬಣ್ಣ ಬಳಿದು ಮುಚ್ಚಿರಲಿಲ್ಲ. ಕಲಾವಿದ ವಿವಾನ್ ಸುಂದರಂ ಅವರು ಕೇರಳದ ಪಟ್ಟಣಂ ಎಂಬ ಹಳ್ಳಿಯ ಉತ್ಖನನದಲ್ಲಿ ಸಿಕ್ಕ ಮಡಕೆಚೂರುಗಳನ್ನು ಹರಡಿ, ಕಾಳುಮೆಣಸು ಸೇರಿಸಿ, ಮುಳುಗಿಹೋದ ಬಂದರೊಂದನ್ನು ಕಟ್ಟಿದ್ದರು. ಮೆಣಸಿನ ಗೋದಾಮಿಗೆ ಮೆಣಸು ಮರಳಿತ್ತು.

ಆದರೆ ಅತ್ತೆಯ ಕಾಲು ನಿಂತದ್ದು ಬೇರೆ ಕಡೆ. ಅಲ್ಲಿ ಒರಳುಕಲ್ಲುಗಳಿದ್ದವು. ಒಂದಲ್ಲ ಎರಡಲ್ಲ, ಸುಮಾರು 170. ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಮತ್ತು ಅವರ ಪತಿ ಕ್ರಿಸ್ಟಾಫ್ ಸ್ಟೋರ್ಜ್ ಬೆಂಗಳೂರಿನಿಂದ ತಂದವು. ಮಿಕ್ಸಿ, ಗ್ರೈಂಡರ್ ಬಂದ ಮೇಲೆ, ಹಳೇ ಮನೆ ಕೆಡವಿದಾಗ, ಮಾರಲೂ ಮನಸ್ಸಾಗದೆ ಇಟ್ಟುಕೊಳ್ಳಲೂ ಜಾಗವಿಲ್ಲದೆ ನಾವು ರಸ್ತೆಬದಿಗೆ ಬಿಟ್ಟ ಕಲ್ಲುಗಳು.

ಅತ್ತೆ ಗೋಡೆ ಹಿಡಿದು ಕುಕ್ಕರಗಾಲಲ್ಲಿ ಕೂತರು. ಒಂದು ಒರಳಿನ ಕುಳಿಯೊಳಗೆ ಕೈಯಿಟ್ಟು ಸುತ್ತಲೂ ಸವರಿದರು.

“ಈ ಕಡೆ ಎಷ್ಟು ಸವೆದಿದೆ ನೋಡೋ. ರುಬ್ಬುತ್ತಿದ್ದವಳು ಎಡಗೈಯವಳು.”

“ನಿಮಗೆ ಹೇಗೆ ಗೊತ್ತಾಯ್ತು ಅತ್ತೆ?”

“ನಲವತ್ತು ವರ್ಷ ರುಬ್ಬಿದೀನಿ, ಗೊತ್ತಾಗಲ್ವಾ? ನಿನ್ನ ನಾಮಕರಣದಲ್ಲಿ ಮೊದಲು ತೊಟ್ಟಿಲಿಗೆ ಹಾಕಿದ್ದು ನಿನ್ನನ್ನಲ್ಲ, ನಮ್ಮ ಮನೆ ಒರಳಿನ ಗುಂಡಪ್ಪನ್ನ.”

ಆಮೇಲೆ ಅವರು ಬೇಗ ಏಳಲಿಲ್ಲ. ಪಕ್ಕದಲ್ಲಿದ್ದ ಮಲಯಾಳಿ ಹೆಂಗಸೊಬ್ಬರು ತಾವೂ ಕೂತು ಇನ್ನೊಂದು ಕಲ್ಲು ಮುಟ್ಟಿದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು; ಕೈ ತಿರುಗಿಸಿ ತೋರಿಸಿಕೊಂಡು ಮಾತಾಡಿದರು. ಬಿಳಿ ಗೋಡೆಯ, ಎ.ಸಿ. ಹಾಕಿದ ಗ್ಯಾಲರಿಯಾಗಿದ್ದರೆ ನಮ್ಮತ್ತೆ ಚಪ್ಪಲಿ ಬಿಡಬೇಕೋ ಬೇಡವೋ ಎಂದು ಬಾಗಿಲಲ್ಲೇ ನಿಲ್ಲುತ್ತಿದ್ದರು. ಮೂಟೆ ಹೊತ್ತವರು ಓಡಾಡಿದ ನೆಲವಾದ್ದರಿಂದಲೇ ಅವರಿಗೆ ಅಲ್ಲಿ ಸಲುಗೆ ಸಿಕ್ಕಿತು. ಇದು ನನ್ನ ಖಚಿತ ನಂಬಿಕೆ.

ಹೀಗೆ ಸುಮ್ಮನೆ ಬಿದ್ದ ಕಟ್ಟಡಗಳು ನಮ್ಮಲ್ಲೂ ಇವೆ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅದರ ಹಿಂದೆಯೇ ಕರಾವಳಿಯಲ್ಲಿ ಎಷ್ಟೋ ಕಾರ್ಖಾನೆ ಎದ್ದವು, ಈಗ ಬಹಳಷ್ಟು ಮುಚ್ಚಿವೆ. ನಿಮ್ಮೂರಲ್ಲಿ ಅಂಥದೊಂದು ಶೆಡ್ಡು, ಅಕ್ಕಿ ಗಿರಣಿ, ಹತ್ತಿ ಮಿಲ್ಲು ಉಳಿದಿದ್ದರೆ, ಕೆಡವುವ ಮೊದಲು ಊರಿನ ಕಲಾವಿದರಿಗೋ ನಾಟಕ ತಂಡಕ್ಕೋ ಒಂದು ತಿಂಗಳ ಮಟ್ಟಿಗಾದರೂ ಬೀಗದ ಕೈ ಕೊಟ್ಟು ನೋಡಿ.