ತೆಂಗಿಲ್ಲದ ಊರಿನ ಕೊಬ್ಬರಿ ಮಿಠಾಯಿ

ಅಮೆರಿಕಕ್ಕೆ ಹೋಗಿಬಂದವರು ನಯಾಗರಾ ಜಲಪಾತವನ್ನು ವರ್ಣಿಸುವುದು ವಾಡಿಕೆ. ನಾವು ಮಾತ್ರ ವಾಚಕರನ್ನು ನಾಗಟಕ್ ಎಂಬ ಸಣ್ಣ ಊರಿಗೆ ಕರೆದೊಯ್ಯಬೇಕೆಂದಿದ್ದೇವೆ. ಅಲ್ಲಿ ನೋಡತಕ್ಕದ್ದು ಹೆಚ್ಚಿಲ್ಲ, ನೆನೆಯತಕ್ಕದ್ದು ಉಂಟು.

ಆ ದೇಶದ ಅಂಗಡಿಗಳಲ್ಲೆಲ್ಲ 'ಆಲ್ಮಂಡ್ ಜಾಯ್' ಎಂಬ ಚಾಕೊಲೇಟು ಸಿಗುತ್ತದೆ. ನೀಲಿ ಹೊದಿಕೆ ಬಿಚ್ಚಿದರೆ ಎರಡು ತುಂಡು. ಒಳಗೆ ಸಕ್ಕರೆಪಾಕದಲ್ಲಿ ಕಲೆಸಿದ ಕೊಬ್ಬರಿ ತುರಿ, ನೆತ್ತಿಯ ಮೇಲೆ ಇಡಿಯ ಬಾದಾಮಿ, ಸುತ್ತಲೂ ಹಾಲಿನ ಚಾಕೊಲೇಟು. ಅರಸೀಕೆರೆ ಕಡೆಯವರಾದ ನಮಗೆ ಅದನ್ನು ಬಾಯಿಗಿಟ್ಟಾಗ, ಮನೆಯ ಕೊಬ್ಬರಿ ಮಿಠಾಯಿಗೆ ಯಾರೋ ಕೋಟು ತೊಡಿಸಿದ್ದಾರೆ ಎನ್ನಿಸಿತು. ಇದನ್ನು ಮಾಡಿದವರಾರು ಎಂದು ವಿಚಾರಿಸಿದೆವು. ಅದರ ಫಲವೇ ಈ ಪ್ರಯಾಣ.

ಕನೆಟಿಕಟ್ ಸಂಸ್ಥಾನದ ಸ್ಟ್ಯಾಮ್‌ಫರ್ಡಿನಲ್ಲಿ ನಮ್ಮಣ್ಣನ ಮನೆ. 2024ರ ಬೇಸಗೆಯಲ್ಲಿ ಅಣ್ಣನೇ ಖರ್ಚು ಕೊಟ್ಟು ನಮ್ಮನ್ನು ಕರೆಸಿಕೊಂಡಿದ್ದ. ಒಂದು ಬೆಳಿಗ್ಗೆ ಅಣ್ಣನ ಮಗಳನ್ನು ಜೊತೆಗೆ ಕರೆದುಕೊಂಡು ಹೊರಟೆವು. ಬ್ರಿಜ್‌ಪೋರ್ಟಿನಲ್ಲಿ ಗಾಡಿ ಬದಲಿಸಿದ ಮೇಲೆ ಸಣ್ಣ ರೈಲು ಉತ್ತರಕ್ಕೆ ತಿರುಗುತ್ತದೆ. ಡರ್ಬಿ ದಾಟಿದರೆ ನಾಗಟಕ್ ನದಿಯೇ ದಾರಿಯ ಸಂಗಾತಿ. ಎರಡು ಕಡೆಯೂ ಹಸುರು ಗುಡ್ಡ. ನಡುನಡುವೆ ಕೆಂಪಿಟ್ಟಿಗೆಯ ಹಳೆಯ ಕಾರಖಾನೆಗಳು. ಊರಿನಲ್ಲಿಳಿದರೆ ಒಂದು ಹುಲ್ಲುಬಯಲು, ಅದರ ಹತ್ತಿರವೇ 1894ರಲ್ಲಿ ಕಟ್ಟಿದ ಚೆಲುವಾದ ಪುಸ್ತಕಾಲಯ. ತೆಂಗಿನ ಮರದ ಸುಳಿವೂ ಇಲ್ಲ. ಚಳಿಗಾಲದಲ್ಲಿ ಹಿಮ ಬೀಳುವ ಸೀಮೆಯಲ್ಲಿ ಇರುವುದಾದರೂ ಹೇಗೆ?

ಮೊದಲು ಇದು ರಬ್ಬರಿನ ಊರು. ಕೆಡ್ಸ್ ಎಂಬ ಹೆಸರಾಂತ ಕ್ಯಾನ್ವಾಸ್ ಬೂಟುಗಳನ್ನು 1916ರಿಂದ ಇಲ್ಲಿ ತಯಾರಿಸುತ್ತಿದ್ದರು. ಅಂಥ ರಬ್ಬರ್ ಕಾರಖಾನೆಯೊಂದರಲ್ಲಿ ಪೀಟರ್ ಪಾಲ್ ಹಲಾಜಿಯನ್ ಎಂಬ ಅರ್ಮೇನಿಯದ ವಲಸೆಗಾರ ದುಡಿಯುತ್ತಿದ್ದ. ತುರ್ಕಿಯ ಸುಲ್ತಾನರ ಆಳಿಕೆಯಲ್ಲಿ ಪಡಬಾರದ ಪಾಡುಪಟ್ಟ ಅರ್ಮೇನಿಯನ್ನರು ಆ ಕಾಲದಲ್ಲಿ ಗುಂಪು ಗುಂಪಾಗಿ ಅಮೆರಿಕ ಸೇರುತ್ತಿದ್ದರು. ಈತ ಮನೆಯಲ್ಲಿ ಮಿಠಾಯಿ ಮಾಡಿ ಮಾರಿ, ಅಂಗಡಿ ಇಟ್ಟು, 1919ರಲ್ಲಿ ತನ್ನವರೇ ಆದ ಕೆಲವು ಅರ್ಮೇನಿಯನ್ನರೊಡನೆ ನ್ಯೂ ಹೇವನ್ ನಗರದಲ್ಲಿ ಕಂಪನಿ ಸ್ಥಾಪಿಸಿದ. 1922ರಲ್ಲಿ ಕಂಪನಿ ನಾಗಟಕ್ಕಿಗೆ ಬಂದಿತು. ಕಪ್ಪು ಚಾಕೊಲೇಟು ಹೊದಿಸಿದ 'ಮೌಂಡ್ಸ್' ಎಂಬ ಕೊಬ್ಬರಿ ಮಿಠಾಯಿ ಜನಕ್ಕೆ ಮೆಚ್ಚಾಯಿತು. ಹಲಾಜಿಯನ್ 1927ರಲ್ಲಿ ತೀರಿಕೊಂಡ, ಕೆಲಸ ನಿಲ್ಲಲಿಲ್ಲ.

ಕೊಬ್ಬರಿ ಬರುತ್ತಿದ್ದುದು ಫಿಲಿಪೈನ್ಸ್ ದ್ವೀಪಗಳಿಂದ. 1942ರಲ್ಲಿ ಅವು ಜಪಾನಿನ ವಶವಾದವು. ಕಂಪನಿಯವರು ಕೈಕಟ್ಟಿ ಕೂರದೆ ಕೆರಿಬಿಯನ್ ಕಡಲ ಕಡೆಯಿಂದ ಕೊಬ್ಬರಿ ತರಿಸಿದರು. ಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಬಾದಾಮಿಯ ಕಿರೀಟ ತೊಟ್ಟು 'ಆಲ್ಮಂಡ್ ಜಾಯ್' ಹೊರಬಂತು. ಕೊಬ್ಬರಿ ಸಮುದ್ರದಾಚೆಯದು, ಕೋಕೋ ಬಿಸಿ ನಾಡುಗಳದು, ಬಾದಾಮಿ ಕ್ಯಾಲಿಫೋರ್ನಿಯದ್ದು, ಪಾಕ ಹಿಡಿದ ಕೈ ಅರ್ಮೇನಿಯದ್ದು. ಆದರೂ ಅದು ನಾಗಟಕ್ಕಿನ ಮಿಠಾಯಿ!

ಹುಲ್ಲುಬಯಲಿನ ಬೆಂಚಿನ ಮೇಲೆ ಕುಳಿತಿದ್ದ ವೃದ್ಧರೊಬ್ಬರನ್ನು ಕಾರಖಾನೆ ಎಲ್ಲಿ ಎಂದು ಕೇಳಿದೆವು. ನ್ಯೂ ಹೇವನ್ ರಸ್ತೆಯ ಕಡೆ ಕೈ ತೋರಿಸಿ, "ಈಗ ಇಲ್ಲ. ಆಗೆಲ್ಲ ಗಾಳಿ ಇತ್ತ ಬೀಸಿದರೆ ಸಾಕು, ಕೊಬ್ಬರಿ ಹುರಿದ ವಾಸನೆ ಬರುತ್ತಿತ್ತು" ಎಂದರು. ಕಂಪನಿ 1978ರಲ್ಲಿ ಕ್ಯಾಡ್ಬರಿಯೊಡನೆ ಕೂಡಿಕೊಂಡಿತು; 1988ರಲ್ಲಿ ಈ ಮಿಠಾಯಿಗಳು ಹರ್ಷೀ ಕಂಪನಿಯ ಪಾಲಾದವು. 2007ರಲ್ಲಿ ನಾಗಟಕ್ಕಿನ ಕಾರಖಾನೆ ಮುಚ್ಚಿತು. ತಯಾರಿಕೆ ವರ್ಜೀನಿಯಕ್ಕೆ ಹೋಯಿತು. ಹಲಾಜಿಯನ್ ಹೊರಗಿನಿಂದ ಊರಿಗೆ ಬಂದ. ಅವನ ಮಿಠಾಯಿ ಊರನ್ನು ಬಿಟ್ಟು ಹೋಯಿತು.

ಹಿಂದಿರುಗುವಾಗ ರೈಲಿನಲ್ಲಿ ಹುಡುಗಿ ಕೇಳಿದಳು: "ಚಿಕ್ಕಪ್ಪ, ಕಂಪನಿಗೆ ಪೀಟರ್ ಪಾಲ್ ಅಂತ ಮಾತ್ರ ಹೆಸರಿಟ್ಟರಲ್ಲ, ಹಲಾಜಿಯನ್ ಅಂತ ಯಾಕೆ ಸೇರಿಸಲಿಲ್ಲ?"

"ಗಿರಾಕಿಗಳ ನಾಲಿಗೆಗೆ ಸುಲಭವಾಗಲಿ ಅಂತ ಇರಬೇಕಮ್ಮ."

"ಹಾಗಾದರೆ ನನ್ನ ಹಾಗೇನೇ" ಎಂದಳು.

ನಾವು ಸುಮ್ಮನಾದೆವು. ಅಜ್ಜಿಯ ನೆನಪಿಗೆಂದು ಇಟ್ಟ ಅವಳ ನಾಲ್ಕಕ್ಷರದ ಹೆಸರು ಅಲ್ಲಿನ ಶಾಲೆಯಲ್ಲಿ ಎರಡಕ್ಷರಕ್ಕೆ ಇಳಿದಿದೆ. ಅಣ್ಣನನ್ನು ಆಕ್ಷೇಪಿಸುವ ಹಕ್ಕು ನಮಗೆಲ್ಲಿಯದು? ನಮ್ಮ ಕಡೆ ಅಡ್ಡಹೆಸರಿನ ರೂಢಿಯಿಲ್ಲ. ಊರಿನದೊಂದು ಅಕ್ಷರ, ತಂದೆಯದೊಂದು ಅಕ್ಷರ ಮುಂದಿಟ್ಟರೆ ಆಯಿತು. ಮುಂಬಯಿಯಲ್ಲಿ ಅರ್ಜಿಯ ಅಂಕಣ ತುಂಬಬೇಕಾಗಿ ಬಂದು ನಮ್ಮ ತಂದೆಯ ಹೆಸರೇ ಅಡ್ಡಹೆಸರಾಯಿತು. ಊರಿನ ಅಕ್ಷರ ಬಿದ್ದುಹೋಯಿತು. ಸರಕಾರಿ ಕಚೇರಿಯ ಗುಮಾಸ್ತರಾಗಿ ದಿನವೂ ಇಂಥ ಅರ್ಜಿಗಳನ್ನು ನೋಡುತ್ತೇವೆ. ಅಂಕಣಕ್ಕೆ ತಕ್ಕಂತೆ ಮನುಷ್ಯರು ತಮ್ಮನ್ನು ಮಡಿಸಿಕೊಳ್ಳುತ್ತಾರೆ.

ಬಂದ ನಾಡಿನೊಡನೆ ಹೊಂದಿಕೊಳ್ಳಬೇಕು, ನಿಜ. ಹಲಾಜಿಯನ್ ಹೊಂದಿಕೊಂಡದ್ದರಿಂದಲೇ ಹಲವು ಮನೆಗಳ ಒಲೆ ಉರಿಯಿತು. ಆದರೆ ಆ ಮಿಠಾಯಿ ತಿನ್ನುವ ಎಷ್ಟೋ ಮಕ್ಕಳಿಗೆ ಅವನ ಪೂರ್ತಿ ಹೆಸರು ತಿಳಿಯದು. ಆದ್ದರಿಂದ ವಾಚಕ ಬಂಧುಗಳಲ್ಲಿ ನಮ್ಮದೊಂದು ಬಿನ್ನಹ: ಶಾಲೆಯ ದಾಖಲೆಯಲ್ಲಿ ಹೆಸರು ಹೇಗಾದರೂ ಇರಲಿ; ಊರಿನ ಹೆಸರನ್ನೂ ಅಜ್ಜ ಅಜ್ಜಿಯರ ಹೆಸರನ್ನೂ ಮಕ್ಕಳಿಗೆ ಮನೆಯಲ್ಲಿ ಪೂರ್ತಿಯಾಗಿ ಹೇಳಿಕೊಡಿ. ಕೊಬ್ಬರಿ ಮಿಠಾಯಿ ಕೈಗಿಟ್ಟು ಹೇಳಿದರೆ ಇನ್ನೂ ಚೆನ್ನಾಗಿ ನೆನಪಿರುತ್ತದೆ.