ಹಿಡಕಲ್: ನೋಡಿ ಬನ್ನಿ, ಸರಿಯಾಗಿ ಹೇಳಿ

ಬೆಳಗಾವಿಯಿಂದ ಸಂಕೇಶ್ವರದ ಕಡೆಗೆ ಹೆದ್ದಾರಿ ಹಿಡಿದು ಹೊರಟರೆ, ಯಮಕನಮರಡಿಯ ಆಸುಪಾಸಿನಲ್ಲಿ ಬಲಕ್ಕೆ ತಿರುಗುವ ದಾರಿ ಹಿಡಕಲ್ ಜಲಾಶಯಕ್ಕೆ ಒಯ್ಯುತ್ತದೆ. ಸಹ್ಯಾದ್ರಿಯಲ್ಲಿ ಹುಟ್ಟಿ ಬರುವ ಘಟಪ್ರಭೆಗೆ ಇಲ್ಲಿ ಕಟ್ಟಿದ ಅಣೆಕಟ್ಟೆ ಪೂರ್ಣಗೊಂಡದ್ದು 1977ರಲ್ಲಿ. ತುಂಬಿದಾಗ ಇದರ ಒಡಲಲ್ಲಿ ಸುಮಾರು 51 ಟಿಎಂಸಿ ನೀರು. ಬೆಳಗಾವಿ ನಗರದ ನಲ್ಲಿಗಳಿಗೂ ಇಲ್ಲಿಂದಲೇ ನೀರು ಹೋಗುತ್ತದೆ.

ಜಲಾಶಯಕ್ಕೆ ವಂಟಮುರಿಯ ರಾಜಾ ಲಖಮಗೌಡರ ಹೆಸರಿದೆ. ಬೆಳಗಾವಿಯಲ್ಲಿ ಓದುವ ಮಕ್ಕಳಿಗೆ ಈ ಹೆಸರು ಹೊಸದಲ್ಲ. ಅಲ್ಲಿಯ ಕಾನೂನು ಕಾಲೇಜು, ವಿಜ್ಞಾನ ಕಾಲೇಜುಗಳೂ ಅವರ ಹೆಸರನ್ನೇ ಹೊತ್ತಿವೆ.

ಈಚಿನ ವರ್ಷಗಳಲ್ಲಿ ಹಿಡಕಲ್‌ಗೆ ದೂರದೂರದ ಜನರನ್ನು ಕರೆತಂದಿರುವುದು ಮಾತ್ರ ಅಣೆಕಟ್ಟೆಯಲ್ಲ, ಹಿನ್ನೀರಿನಲ್ಲಿ ನಿಂತಿರುವ ಹುನ್ನೂರಿನ ವಿಠ್ಠಲ ದೇವಸ್ಥಾನ. ಮಳೆಗಾಲದಲ್ಲಿ ಗುಡಿ ನೀರಿನೊಳಗೆ ಮರೆಯಾಗುತ್ತದೆ. ಬೇಸಿಗೆಯಲ್ಲಿ ನೀರು ಇಳಿದಂತೆ ಮೊದಲು ಶಿಖರ, ಆಮೇಲೆ ಗೋಡೆ, ಕೊನೆಗೆ ಅಂಗಳ ಕಾಣಿಸಿಕೊಳ್ಳುತ್ತದೆ. ಸುತ್ತಲಿನ ಹಳ್ಳಿಗಳವರಿಗೆ ಇದು ಹಳೆಯ ಸಂಗತಿ. ಯಾರೋ ಮೊಬೈಲಿನಲ್ಲಿ ತೆಗೆದ ಚಿತ್ರ ಅಂತರ್ಜಾಲದಲ್ಲಿ ಕೈಯಿಂದ ಕೈಗೆ ದಾಟಿದ ಮೇಲೆ ಹೊರಗಿನವರೂ ಗುಡಿಯನ್ನು ಹುಡುಕಿಕೊಂಡು ಬರತೊಡಗಿದರು.

ಮೆಚ್ಚಿದ ಜಾಗವನ್ನು ನಾಲ್ಕು ಮಂದಿಗೆ ಹೇಳುವುದು ಒಳ್ಳೆಯದೇ. ಆದರೆ ಚಿತ್ರವೊಂದೇ ಎಲ್ಲವನ್ನೂ ಹೇಳುವುದಿಲ್ಲ. ಒಣ ನೆಲದ ಮೇಲೆ ನಿಂತ ಗುಡಿಯ ಚಿತ್ರ ನೋಡಿ ಆಗಸ್ಟಿನಲ್ಲಿ ಬಂದವರಿಗೆ ಸಿಗುವುದು ಬರೀ ನೀರು. ಮೇಲೆ ಗಟ್ಟಿಯಾಗಿ ಕಾಣುವ ಹೂಳು ಕಾಲಿಟ್ಟರೆ ಕುಸಿಯಬಹುದು ಎಂಬುದನ್ನೂ ಚಿತ್ರ ತಿಳಿಸುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಗುಡಿ ನೀರಿನಲ್ಲಿ ಏಕಿದೆ ಎಂಬುದು ಅದರಲ್ಲಿಲ್ಲ. ಕೆಳಗಿನ ಹೊಲಗಳಿಗೆ ನೀರು ಹರಿಯಲೆಂದು ಇಲ್ಲಿಯವರು ಮನೆ, ಹೊಲ, ದೇವರನ್ನು ಬಿಟ್ಟು ಎದ್ದುಹೋದರು. ನಮಗೆ ಸೋಜಿಗವೆನಿಸುವ ಆ ಶಿಖರ ಅವರಿಗೆ ತವರಿನ ಗುರುತು. ಅಲ್ಲಿ ಚಪ್ಪಲಿ ಕಳಚಿ, ಕಸ ಚೆಲ್ಲದೆ, ದನಿ ತಗ್ಗಿಸಿ ನಡೆಯಬೇಕಾದದ್ದು ಅದಕ್ಕಾಗಿ.

ವಿದ್ಯಾರ್ಥಿಗಳೇ, ಹೋದಾಗ ಊರಿನ ಹಿರಿಯರೊಬ್ಬರನ್ನು ಮಾತಾಡಿಸಿ. 'ಅಜ್ಜಾ, ನೀರು ಬರೂ ಮೊದಲ ಊರು ಎಲ್ಲಿತ್ರಿ?' ಎಂದು ಕೇಳಿದರೆ ಸಾಕು, ಕೈ ತೋರಿಸಿ ಹೇಳುತ್ತಾರೆ. ಅದನ್ನು ಬರೆದುಕೊಳ್ಳಿ. ನಿಮ್ಮ ಚಿತ್ರದ ಕೆಳಗೆ ಊರು, ತಾಲ್ಲೂಕು, ತೆಗೆದ ತಿಂಗಳು, ಎಚ್ಚರಿಕೆಯ ಮಾತು ಇರಲಿ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಕ್ಕೆ ಇಂಥ ವಿವರಗಳನ್ನು ಯಾರು ಬೇಕಾದರೂ ಸೇರಿಸಬಹುದು; ಅಲ್ಲಿ ಆಧಾರ ಕೇಳುತ್ತಾರೆ, ಆದ್ದರಿಂದ ಪುಸ್ತಕ, ಪತ್ರಿಕೆ ತಿರುವಿ ಹಾಕುವ ರೂಢಿಯೂ ಬೆಳೆಯುತ್ತದೆ. ಸ್ವಂತ ಚಿತ್ರಗಳನ್ನು ಎಲ್ಲರ ಬಳಕೆಗೆ ಬಿಟ್ಟುಕೊಡಲು ವಿಕಿಮೀಡಿಯ ಕಾಮನ್ಸ್ ಇದೆ. ಪಾಲಕರಿಗೊಂದು ಮಾತು: ಮಕ್ಕಳ ಮುಖ, ಮನೆಯ ವಿಳಾಸ, 'ಈಗ ಇಲ್ಲಿದ್ದೇವೆ' ಎಂಬ ಸುದ್ದಿ ಅಂತರ್ಜಾಲಕ್ಕೆ ಹೋಗುವುದು ಬೇಡ. ಮನೆಗೆ ಮರಳಿದ ಮೇಲೆ, ಜಾಗದ ಬಗ್ಗೆಯಷ್ಟೇ ಬರೆಯಲಿ.

ಹಿಡಕಲ್‌ಗೆ ಬಂದವರು ನದಿಯ ಜೊತೆಗೇ ಕೆಳಗಿಳಿಯುವುದು ಚೆನ್ನ. ಧೂಪದಾಳದಲ್ಲಿ ಬ್ರಿಟಿಷರ ಕಾಲದ ಒಡ್ಡಿದೆ. ಚಳಿಗಾಲದಲ್ಲಿ ಅಲ್ಲಿಯ ಪಕ್ಷಿಧಾಮಕ್ಕೆ ಹೊರನಾಡಿನ ಕೊಕ್ಕರೆಗಳು ಬರುತ್ತವೆ. ಮುಂದೆ ಗೋಕಾಕದ ಜಲಪಾತ. ಸುಮಾರು 170 ಅಡಿ ಧುಮುಕುವ ಈ ನೀರಿನಿಂದ 1887ರಲ್ಲೇ ವಿದ್ಯುತ್ ತಯಾರಿಸಲಾಯಿತು. ಮಳೆಗಾಲದಲ್ಲಿ ಬಂಡೆಗಳು ಜಾರುತ್ತವೆ. ಚಿತ್ರಕ್ಕಾಗಿ ಅಂಚಿಗೆ ಹೋಗಬೇಡಿ. ಊರಿಗೆ ಮರಳುವಾಗ ಒಂದಿಷ್ಟು ಕರದಂಟು ಕಟ್ಟಿಸಿಕೊಳ್ಳಿ.

ಗುಡಿ ನೋಡಲು ಏಪ್ರಿಲ್‌ನಿಂದ ಜೂನ್ ಆರಂಭದವರೆಗೆ, ಜಲಪಾತ ನೋಡಲು ಜುಲೈನಿಂದ ಸೆಪ್ಟೆಂಬರ್‌ವರೆಗೆ ಸೂಕ್ತ ಕಾಲ. ಹೊರಡುವ ಮುನ್ನ ನೀರಿನ ಮಟ್ಟ ವಿಚಾರಿಸಿ. ನೀವು ಕಂಡದ್ದನ್ನು ಓದಿ ನಾಳೆ ಬರುವವನು ದಾರಿ ತಪ್ಪದಂತೆ, ಊರವರ ಮನಸ್ಸೂ ನೋಯದಂತೆ ಬರೆದರೆ, ಹೇಳಿದ್ದು ಸಾರ್ಥಕ.